ಉದ್ದ ಆಗಿದ್ದಕ್ಕೂ ಮಾರ್ಕ್ಸಾ ಸಾರ್?

ಈ ವಾರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮೈದಾನದಲ್ಲಿ ಏಳನೇ ತರಗತಿಯ ಹುಡುಗ ಕೇಳಿದ ಒಂದು ಪ್ರಶ್ನೆ ಇನ್ನೂ ಕಿವಿಯಲ್ಲೇ ಇದೆ. 600 ಮೀಟರ್ ಓಟ ಆಗಷ್ಟೇ ಮುಗಿದಿತ್ತು. ಪಿ.ಟಿ. ಮೇಷ್ಟ್ರ ಕೆಲಸದ ಮೌಲ್ಯಮಾಪನಕ್ಕೆ ಬಂದವರು ಜೂನ್‌ನ ಹಾಳೆ, ಫೆಬ್ರವರಿಯ ಹಾಳೆ ಎರಡನ್ನೂ ಅಕ್ಕಪಕ್ಕ ಹಿಡಿದು, "ಆಗ 2 ನಿಮಿಷ 58, ಈಗ 2 ನಿಮಿಷ 41. 17 ಸೆಕೆಂಡು ಪ್ರಗತಿ. ಗುಡ್" ಎಂದು ಪಿ.ಟಿ. ಮೇಷ್ಟ್ರ ಲೆಕ್ಕಕ್ಕೆ ಒಂದು ಟಿಕ್ ಹಾಕಿದರು. ಮೊಣಕಾಲ ಮೇಲೆ ಕೈ ಊರಿಕೊಂಡು ಏದುಸಿರು ಬಿಡುತ್ತಿದ್ದ ಹುಡುಗ ತಲೆಯೆತ್ತಿದ. ದನಿ ಒಡೆಯುತ್ತಿರುವ ವಯಸ್ಸು. "ಸಾರ್, ನಾನು ಆರು ಸೆಂಟಿಮೀಟರ್ ಉದ್ದ ಆಗಿದೀನಿ. ಅದಕ್ಕೂ ನಮ್ಮ ಸಾರ್‌ಗೆ ಮಾರ್ಕ್ಸಾ?"

ಸುತ್ತ ನಿಂತ ಮಕ್ಕಳು ನಕ್ಕರು. ಬಂದವರೂ ನಕ್ಕು ಮುಂದಿನ ಹೆಸರು ಕರೆದರು. ಪಿ.ಟಿ. ಮೇಷ್ಟ್ರು ಮಾತ್ರ ನಗಲಿಲ್ಲ.

ಮುಂದಿನ ಹೆಸರು ಒಬ್ಬ ಹುಡುಗಿಯದು. ಜೂನ್‌ನಲ್ಲಿ 3 ನಿಮಿಷ 10 ಸೆಕೆಂಡು, ಈಗ 3 ನಿಮಿಷ 16. ಆ ಸಾಲಿಗೆ ಟಿಕ್ ಬೀಳಲಿಲ್ಲ.

ಹುಡುಗನ ಪ್ರಶ್ನೆಯಲ್ಲಿ ತಮಾಷೆಯೇನೂ ಇರಲಿಲ್ಲ. ಕನ್ನಡದಲ್ಲಿ ಮೈ ಬೆಳೆಯುವುದಕ್ಕೂ ಬೆಳವಣಿಗೆ ಎನ್ನುತ್ತೇವೆ, ಕಲಿಕೆ ಮುಂದೆ ಹೋಗುವುದಕ್ಕೂ ಅದೇ ಮಾತು. ಗಣಿತದ ಮೇಷ್ಟ್ರಿಗೆ ಇದರಿಂದ ತೊಂದರೆಯಿಲ್ಲ, ಎತ್ತರ ಆದದ್ದಕ್ಕೆ ಯಾವ ಮಗುವಿಗೂ ಭಿನ್ನರಾಶಿ ಬರುವುದಿಲ್ಲ. ಆದರೆ 12-13ರ ಹುಡುಗನ ಕಾಲು ಉದ್ದವಾಗುತ್ತದೆ, ಎದೆ ಅಗಲವಾಗುತ್ತದೆ, ಸ್ನಾಯು ಕೂಡಿಕೊಳ್ಳುತ್ತದೆ, ರಕ್ತದಲ್ಲಿ ಹಿಮೋಗ್ಲೋಬಿನ್ ಏರುತ್ತದೆ. ಯಾರೂ ಏನೂ ಕಲಿಸದಿದ್ದರೂ ಎಂಟು ತಿಂಗಳಲ್ಲಿ ಅವನ ಓಟ ಸುಧಾರಿಸುತ್ತದೆ. ಹುಡುಗಿಯರ ಮೈ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಜಿಗಿದು ಬೆಳೆಯುತ್ತದೆ. ಏಳನೇ ತರಗತಿಯ ಹೊತ್ತಿಗೆ ಎಷ್ಟೋ ಹುಡುಗಿಯರಲ್ಲಿ ತೂಕ ಏರಿ, ಕೊಬ್ಬಿನ ಪಾಲು ಸಹಜವಾಗಿಯೇ ಹೆಚ್ಚಿ, ಓಟದ ಸಮಯ ಇದ್ದಲ್ಲೇ ನಿಲ್ಲುತ್ತದೆ. ಮುಟ್ಟು ಶುರುವಾಗಿ ರಕ್ತಹೀನತೆಯೂ ಸೇರಿದರೆ ಇನ್ನಷ್ಟು ಹಿಂದೆ. ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ ಆಕೆಯ ಹೊಟ್ಟೆ ಸೇರಿತೋ, ಕಿಟಕಿಯಾಚೆ ಹೋಯಿತೋ ಎಂಬುದೂ ಆ ಆರು ಸೆಕೆಂಡಿನಲ್ಲಿ ಇರಬಹುದು. ಅದನ್ನು ಮೇಷ್ಟ್ರ ಲೆಕ್ಕಕ್ಕೆ ನಷ್ಟ ಎಂದು ಬರೆಯುವುದು ಅನ್ಯಾಯ. ಹುಡುಗನ 17 ಸೆಕೆಂಡನ್ನು ಪೂರ್ತಿ ಲಾಭ ಎಂದು ಬರೆಯುವುದೂ ಅಷ್ಟೇ ತಪ್ಪು.

ಕುಳಿತು ಮುಂದೆ ಬಾಗಿ ಬೆರಳು ಚಾಚುವ ಪರೀಕ್ಷೆಯಲ್ಲೂ ಇದೇ ಕಥೆ. ಬೆಳೆಯುವ ವಯಸ್ಸಿನಲ್ಲಿ ಮುಂಡಕ್ಕಿಂತ ಮೊದಲು ಕಾಲು ಉದ್ದವಾಗುವುದರಿಂದ, ಕಳೆದ ವರ್ಷ ಪಾದ ದಾಟುತ್ತಿದ್ದ ಬೆರಳು ಈ ವರ್ಷ ಪಾದ ಮುಟ್ಟದೇ ಹೋಗಬಹುದು. ಮೇಷ್ಟ್ರು ವಾರಕ್ಕೆರಡು ಸಲ ಬಾಗಿಸಿ ಅಭ್ಯಾಸ ಮಾಡಿಸಿದ್ದರೂ ಹಾಳೆಯಲ್ಲಿ ಇಳಿಕೆಯೇ ಕಾಣುತ್ತದೆ.

2019ರಲ್ಲಿ ಬಂದ ಖೇಲೋ ಇಂಡಿಯಾ ಆ್ಯಪ್‌ನ ಪರೀಕ್ಷೆಗಳು ಈಗ ಬಹುತೇಕ ಪಿ.ಟಿ. ಮೇಷ್ಟ್ರುಗಳಿಗೆ ಗೊತ್ತು. ಸಣ್ಣ ಮಕ್ಕಳಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ), ಒಂಟಿ ಕಾಲಿನ ಫ್ಲೆಮಿಂಗೊ ನಿಲುವು, ಎರಡು ತಟ್ಟೆಗಳನ್ನು ಬೇಗ ಬೇಗ ಮುಟ್ಟುವ ಪ್ಲೇಟ್ ಟ್ಯಾಪಿಂಗ್. ದೊಡ್ಡವರಿಗೆ ಬಿಎಂಐ, 50 ಮೀಟರ್, 600 ಮೀಟರ್, ಕುಳಿತು ಬಾಗುವುದು, 30 ಸೆಕೆಂಡಿನ ಕರ್ಲ್ ಅಪ್, ಪುಷ್ ಅಪ್. ಮಗು ಎಲ್ಲಿದೆ, ಯಾರಿಗೆ ವೈದ್ಯರ ಗಮನ ಬೇಕು ಎಂದು ತಿಳಿಯಲು ಇವು ಒಳ್ಳೆಯ ಪರೀಕ್ಷೆಗಳು. ಮೇಷ್ಟ್ರನ್ನು ತೂಗುವ ತಕ್ಕಡಿಯಾಗಿ ಇವನ್ನು ಬಳಸಿದಾಗಲೇ ತೊಂದರೆ ಶುರು, ಏಕೆಂದರೆ ಅಳತೆಯ ಸಣ್ಣ ತಪ್ಪೆಲ್ಲ ಆಗ ಅವರ ತಲೆಗೆ ಬರುತ್ತದೆ.

50 ಮೀಟರ್ ಓಟವನ್ನೇ ನೋಡಿ. ಶುರುವಿನ ಗೆರೆಯಲ್ಲಿ ಶಿಳ್ಳೆ, ಮುಕ್ತಾಯದ ಗೆರೆಯಲ್ಲಿ ಸ್ಟಾಪ್‌ವಾಚ್. ಶಬ್ದ 50 ಮೀಟರ್ ದಾಟಲು ಸುಮಾರು 0.15 ಸೆಕೆಂಡು ಬೇಕು. ವಾಚ್ ಅಷ್ಟು ತಡವಾಗಿ ಶುರುವಾಗುತ್ತದೆ, ಮಗು ಅಷ್ಟು ವೇಗವಾಗಿ ಓಡಿದಂತೆ ಕಾಣುತ್ತದೆ. ಮುಂದಿನ ಸಲ ಬೇರೊಬ್ಬರು ಶಿಳ್ಳೆಯ ಬದಲು ಕೈ ಕೆಳಗಿಳಿಸುವುದನ್ನು ನೋಡಿ ಗುಂಡಿ ಒತ್ತಿದರೆ ಅಷ್ಟೂ ಪ್ರಗತಿ ಮಾಯ. ಪ್ರತಿ ಸಲವೂ ಬಾವುಟ ನೋಡಿಯೇ ಒತ್ತಬೇಕು, ಒಬ್ಬರೇ ಒತ್ತಬೇಕು. ಬಿಎಂಐಯಲ್ಲಿ ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸುತ್ತೇವೆ, ಹಾಗಾಗಿ ತಪ್ಪೂ ಇಮ್ಮಡಿಯಾಗುತ್ತದೆ. 38 ಕೆ.ಜಿ. ತೂಕ, 145 ಸೆಂ.ಮೀ. ಎತ್ತರದ ಮಗುವಿನ ಬಿಎಂಐ 18.1. ಗೋಡೆಯ ಟೇಪು 2 ಸೆಂ.ಮೀ. ಕೆಳಗೆ ಜಾರಿ 147 ಎಂದು ಓದಿದರೆ 17.6. ಹಿಮ್ಮಡಿ ಗೋಡೆಗೆ ತಾಗಿಸದೆ ನಿಂತರೂ, ಜಡೆಯ ಗಂಟಿನ ಮೇಲೆ ಪಟ್ಟಿ ಇಟ್ಟರೂ ಇಷ್ಟು ಆಗಿಹೋಗುತ್ತದೆ.

600 ಮೀಟರಿಗೆ 200 ಮೀಟರ್ ಟ್ರ್ಯಾಕ್ ಇದ್ದರೆ ಮೂರು ಸುತ್ತು. ಅಷ್ಟು ಜಾಗವಿಲ್ಲದ ಶಾಲೆಯಲ್ಲಿ 100 ಮೀಟರಿನ ಆರು ಸುತ್ತು ಹಾಕಿಸುತ್ತಾರೆ, ತಿರುವು ಇಮ್ಮಡಿಯಾಗುತ್ತದೆ, ಪ್ರತಿ ತಿರುವಿನಲ್ಲೂ ವೇಗ ಸಾಯುತ್ತದೆ. ಜೂನ್‌ನಲ್ಲಿ ನೆಲ ಕೆಸರು, ಫೆಬ್ರವರಿಯಲ್ಲಿ ಗಟ್ಟಿ. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಓಡಿಸುವುದು ಬೇರೆ, ಬಿಸಿಯೂಟದ ಸಾಂಬಾರು ಹೊಟ್ಟೆಯಲ್ಲಿರುವಾಗ ಎರಡೂವರೆ ಗಂಟೆಯ ಬಿಸಿಲಿನಲ್ಲಿ ಓಡಿಸುವುದು ಬೇರೆ. ಈ ವಾರದ ಓಟ ಊಟದ ನಂತರ ನಡೆಯಿತು, ಬಂದವರಿಗೆ ಬೆಳಗ್ಗೆ ಬೇರೆ ಶಾಲೆಯಿತ್ತು.

ಇನ್ನೊಂದು ಕಹಿ ಮಾತು ಹೇಳಲೇಬೇಕು. ಜೂನ್ ಮತ್ತು ಫೆಬ್ರವರಿಯ ವ್ಯತ್ಯಾಸಕ್ಕೇ ಅಂಕ ಎಂದಾದರೆ, ಜೂನ್‌ನ ಸಾಧನೆ ಕಳಪೆಯಾದಷ್ಟೂ ಮೇಷ್ಟ್ರಿಗೆ ಲಾಭ. "ಇವತ್ತು ಸುಮ್ನೆ ಓಡ್ರೋ, ಜೋರೇನೂ ಬೇಡ" ಎಂದರೆ ಮುಗಿಯಿತು. ಇದು ಕೆಟ್ಟವರು ಮಾತ್ರ ಮಾಡುವ ಕೆಲಸವಲ್ಲ. ನೌಕರಿಯ ಲೆಕ್ಕ ಆ ಎರಡು ಅಂಕಿಗೆ ಕಟ್ಟಿದಾಗ ಒಳ್ಳೆಯವರೂ ಬಾಗುತ್ತಾರೆ. ಅದಕ್ಕೇ ಆರಂಭದ ಅಳತೆಯನ್ನು ಅದೇ ಮೇಷ್ಟ್ರು ಒಬ್ಬರೇ ಮಾಡಬಾರದು.

ಅಮೆರಿಕ ಈ ಹಾದಿಯಲ್ಲಿ ನಮಗಿಂತ ಮೊದಲು ನಡೆದು ನೋಡಿದೆ. 2009ರ ರೇಸ್ ಟು ದ ಟಾಪ್ ಯೋಜನೆಯ ಅನುದಾನಕ್ಕಾಗಿ ಅಲ್ಲಿನ ಅನೇಕ ರಾಜ್ಯಗಳು ಶಿಕ್ಷಕರ ಮೌಲ್ಯಮಾಪನಕ್ಕೆ ಮಕ್ಕಳ ಪ್ರಗತಿಯನ್ನು ಸೇರಿಸಿದವು. ಗಣಿತ, ಓದು ಇವಕ್ಕೆ ರಾಜ್ಯದ ಪರೀಕ್ಷೆಯಿತ್ತು, ದೈಹಿಕ ಶಿಕ್ಷಣಕ್ಕೆ ಇರಲಿಲ್ಲ. ಹಾಗಾಗಿ ಶಿಕ್ಷಕರೇ ವರ್ಷಾರಂಭದಲ್ಲಿ ಕಲಿಕಾ ಗುರಿಯೊಂದನ್ನು ಬರೆದು, ಮೊದಲ ಅಳತೆ ಮತ್ತು ಕೊನೆಯ ಅಳತೆ ತೋರಿಸುವ ಪದ್ಧತಿ ಹಬ್ಬಿತು. ಕೈಗೆ ಸುಲಭವಾಗಿ ಸಿಕ್ಕಿದ್ದು ಫಿಟ್‌ನೆಸ್ ಪರೀಕ್ಷೆ. ಆದರೆ 1982ರಿಂದ ಬಳಕೆಯಲ್ಲಿರುವ ಫಿಟ್‌ನೆಸ್‌ಗ್ರಾಮ್ ಎಂಬ ಶಾಲಾ ಫಿಟ್‌ನೆಸ್ ಪರೀಕ್ಷೆಯನ್ನು ರೂಪಿಸಿದವರೇ ಅದರ ಅಂಕಿಗಳಿಂದ ಶಿಕ್ಷಕರ ಸಾಮರ್ಥ್ಯ ಅಳೆಯಬೇಡಿ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. 2015ರ ಹೊಸ ಶಿಕ್ಷಣ ಕಾಯ್ದೆಯೊಂದಿಗೆ ಅಲ್ಲಿನ ಕೇಂದ್ರ ಸರ್ಕಾರದ ಒತ್ತಾಯವೂ ಹೋಯಿತು.

ಹಾಗೆಂದು ಪಿ.ಟಿ. ಮೇಷ್ಟ್ರನ್ನು ಅಳೆಯಲೇಬಾರದು ಎನ್ನುವವರ ಜೊತೆ ನಿಲ್ಲಲಾಗದು. ಅಳೆಯದೇ ಬಿಟ್ಟದ್ದರಿಂದಲೇ ಪಿ.ಟಿ. ಪಿರಿಯಡ್ ಎಂದರೆ ಒಂದು ಚೆಂಡು ಎಸೆದು ಕುರ್ಚಿಯಲ್ಲಿ ಕೂರುವುದು ಎಂಬಂತಾಗಿದೆ, ಪರೀಕ್ಷೆ ಹತ್ತಿರ ಬಂದರೆ ಅದೇ ಪಿರಿಯಡ್ ವಿಜ್ಞಾನಕ್ಕೆ ಹೋಗುತ್ತದೆ. ಅಳೆಯಬೇಕಾದ್ದು ಮೈ ತಾನಾಗಿ ಕೊಡದ, ಕಲಿಸಿದರೆ ಮಾತ್ರ ಬರುವ ಸಂಗತಿಯನ್ನು.

ಲಗೋರಿಯ ಎಸೆತ ಅಂಥದ್ದು. ಕಲಿಯದ ಮಗು ಗುರಿಗೆ ಎದೆ ಕೊಟ್ಟು ನಿಲ್ಲುತ್ತದೆ, ಬಲಗೈಯಲ್ಲಿ ಎಸೆಯುವಾಗ ಬಲಗಾಲನ್ನೇ ಮುಂದಿಡುತ್ತದೆ, ಮೊಣಕೈಯಿಂದ ಮಾತ್ರ ತಳ್ಳುತ್ತದೆ. ಕಲಿತ ಮಗುವಿನಲ್ಲಿ ನಾಲ್ಕು ಗುರುತು: ಪಕ್ಕಕ್ಕೆ ತಿರುಗಿದ ನಿಲುವು, ಎದುರು ಕಾಲಿನ ಹೆಜ್ಜೆ, ಸೊಂಟ ಮೊದಲು ಭುಜ ಆಮೇಲೆ ತಿರುಗುವುದು, ಎಸೆದ ಕೈ ಎದುರು ತೊಡೆಯವರೆಗೆ ಇಳಿದು ಬರುವುದು. ಗುರುತಿಗೊಂದು ಅಂಕ, ಒಟ್ಟು ನಾಲ್ಕು. ಚೆಂಡು ಎಷ್ಟು ದೂರ ಹೋಯಿತು ಎಂಬುದನ್ನು ಬರೆಯಲೇಬಾರದು, ದೂರದಲ್ಲಿ ಮತ್ತೆ ಎತ್ತರ ನುಸುಳುತ್ತದೆ. ಖೋ ಕೊಡುವುದೂ ಹಾಗೆಯೇ. ಹಿಂದಿನಿಂದ ಬಂದು, ಬೆನ್ನು ಮುಟ್ಟಿ, ಜೋರಾಗಿ ಖೋ ಎನ್ನಬೇಕು, ಕುಳಿತವರು ಅದಕ್ಕೂ ಮೊದಲು ಏಳಬಾರದು. ಇದು ಎತ್ತರದಿಂದ ಬರುವುದಿಲ್ಲ.

ಆರೋಗ್ಯ ಶಿಕ್ಷಣಕ್ಕೂ ಇದೇ ಮಾತು. ಮೂಗಿನಿಂದ ರಕ್ತ ಬಂದರೆ ಏನು ಮಾಡುತ್ತೀಯ ಎಂದು ಕೇಳಬೇಡಿ, ಮಾಡಿ ತೋರಿಸು ಎನ್ನಿ. ಕಲಿಯದ ಮಗು ತಲೆ ಹಿಂದಕ್ಕೆ ಬಾಗಿಸುತ್ತದೆ. ಕಲಿತ ಮಗು ಕುಳಿತು, ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗ ಒತ್ತಿ ಹಿಡಿದು, ಹತ್ತು ನಿಮಿಷ ಬಿಡಬಾರದು ಎನ್ನುತ್ತದೆ. ಕೈ ತೊಳೆಯುವ ಪಾಠದ ಫಲ ಪ್ರಶ್ನೆಪತ್ರಿಕೆಯಲ್ಲಿ ಸಿಗುವುದಿಲ್ಲ. ಹೇಳದೇ ಒಂದು ಮಧ್ಯಾಹ್ನ ಊಟಕ್ಕೆ ಮೊದಲು ನಲ್ಲಿಯ ಹತ್ತಿರ ನಿಂತು, ಎಷ್ಟು ಮಕ್ಕಳು ಸೋಪು ಮುಟ್ಟಿದರು ಎಂದು ಎಣಿಸಬೇಕು. ನಲ್ಲಿಯಲ್ಲಿ ನೀರೇ ಇಲ್ಲದಿದ್ದರೆ ಆ ಎಣಿಕೆ ಮೇಷ್ಟ್ರದಲ್ಲ, ಶಾಲೆಯದು.

ಮುನ್ನೂರು ಮಕ್ಕಳಿಗೆ ಒಬ್ಬರೇ ಮೇಷ್ಟ್ರು, ಇಷ್ಟೆಲ್ಲ ಯಾವಾಗ ಎಂದು ಕೇಳುವುದು ಸಹಜ. ಎಲ್ಲರನ್ನೂ ಅಳೆಯಬೇಕಿಲ್ಲ. ಹಾಜರಿ ಪುಸ್ತಕದಲ್ಲಿ ಪ್ರತಿ ಐದನೇ ಹೆಸರು ತೆಗೆದರೆ 60ರ ತರಗತಿಯಿಂದ 12 ಮಕ್ಕಳು. ಎಸೆಯುವ ಕೈಯ ಕಡೆ ಐದು ಹೆಜ್ಜೆ ದೂರದಲ್ಲಿ ಫೋನಿಟ್ಟು ವಿಡಿಯೊ ತೆಗೆಯಬೇಕು, ಮಗುವಿಗೆ ಮೂರು ಎಸೆತ. ಒಂದೇ ಪಿರಿಯಡ್‌ನಲ್ಲಿ ಮುಗಿಯುತ್ತದೆ. ಜೂನ್ ಮತ್ತು ಫೆಬ್ರವರಿಯ ವಿಡಿಯೊಗಳನ್ನು ಕಲಸಿ, ಯಾವುದು ಯಾವ ತಿಂಗಳದು ಎಂದು ತಿಳಿಸದೆ, ಪಕ್ಕದ ಶಾಲೆಯ ಪಿ.ಟಿ. ಮೇಷ್ಟ್ರಿಂದ ಅಂಕ ಹಾಕಿಸಬೇಕು. ಸಮವಸ್ತ್ರ ಒಂದೇ ಆದ್ದರಿಂದ ತಿಂಗಳು ಪತ್ತೆಯಾಗುವುದು ಕಷ್ಟ, ನೆಲದ ಕೆಸರು ಕಾಣದಂತೆ ಜಗುಲಿಯ ಮೇಲೆ ತೆಗೆದರೆ ಇನ್ನೂ ಒಳ್ಳೆಯದು. ಓಟವನ್ನೇ ಅಳೆಯಬೇಕು ಎನ್ನುವವರು ಈ ಫೆಬ್ರವರಿಯ ಏಳನೇ ತರಗತಿಯನ್ನು ಕಳೆದ ಫೆಬ್ರವರಿಯ ಏಳನೇ ತರಗತಿಯ ಜೊತೆ ಹೋಲಿಸಲಿ. ವಯಸ್ಸು ಒಂದೇ, ಹಾಗಾಗಿ ಮೈಯ ಬೆಳವಣಿಗೆ ಬಹುಮಟ್ಟಿಗೆ ಲೆಕ್ಕದಿಂದ ಕಳಚಿಕೊಳ್ಳುತ್ತದೆ.

ಆ ದಿನ ಬಂದಿದ್ದವರು ಕೆಟ್ಟ ಮನುಷ್ಯರಲ್ಲ. ಮಕ್ಕಳಿಗೆ ನೀರು ಕೊಡಿಸಿದರು, ಬರಿಗಾಲಲ್ಲಿದ್ದವಳನ್ನು ನೆರಳಿಗೆ ಕರೆದರು. ಅವರ ಹಾಳೆಯಲ್ಲಿ ಎರಡೇ ಅಂಕಣ ಇದ್ದವು, ಅದನ್ನೇ ತುಂಬಿದರು. ತಾಲ್ಲೂಕು ಮಟ್ಟದ ಪದಕಗಳಿಗೆ ಇನ್ನೊಂದು ಹಾಳೆ ಇತ್ತು. ಅದು ಮೈದಾನಕ್ಕೆ ಬರುವ ಮೊದಲೇ ಚುರುಕಾಗಿದ್ದ ಹತ್ತು ಹನ್ನೆರಡು ಮಕ್ಕಳ ಲೆಕ್ಕ, ಉಳಿದವರಿಗೆ ಅದರಲ್ಲಿ ಜಾಗವಿಲ್ಲ. ಆರು ಸೆಕೆಂಡು ಹಿಂದೆ ಬಿದ್ದ ಆ ಹುಡುಗಿ, ಓಟ ಮುಗಿದ ಮೇಲೆ ಉರುಳಿ ಬಂದ ಚೆಂಡನ್ನು ಎತ್ತಿ, ಪಕ್ಕಕ್ಕೆ ತಿರುಗಿ, ಎಡಗಾಲು ಮುಂದಿಟ್ಟು ಬಲಗೈಯಲ್ಲಿ ಎಸೆದಳು. ನಾಲ್ಕಕ್ಕೆ ನಾಲ್ಕು. ಅದನ್ನು ಬರೆಯಲು ಅಂಕಣವಿರಲಿಲ್ಲ.

ಪಿ.ಟಿ. ಮೇಷ್ಟ್ರ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇತ್ತು. ಪ್ರತಿ ಮಗುವಿನ ಒಂದೊಂದು ಸುತ್ತಿನ ಸಮಯವನ್ನೂ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು. ಆ ಹುಡುಗನದು ಜೂನ್‌ನಲ್ಲಿ 42, 64, 72. ಮೊದಲ ಸುತ್ತು ಪ್ರಾಣ ಬಿಟ್ಟು ಓಡಿ, ಆಮೇಲೆ ಸೊಂಟ ಹಿಡಿದು ನಡೆದವರ ಲೆಕ್ಕ. ಈ ವಾರ 50, 55, 56. ಮೊದಲ ಸುತ್ತಿನಲ್ಲಿ ಎಂಟು ಸೆಕೆಂಡು ತಡೆದುಕೊಳ್ಳುವುದನ್ನು ಯಾವ ಎತ್ತರವೂ ಕಲಿಸುವುದಿಲ್ಲ. ಬಂದವರು ಹೊರಟ ಮೇಲೆ ಮೇಷ್ಟ್ರು ಹುಡುಗನನ್ನು ಕರೆದು ಆ ಪುಟ ತೋರಿಸಿದರು. "ನೋಡಪ್ಪ, ಈ ಐವತ್ತು ಇದೆಯಲ್ಲ, ಇದು ಉದ್ದ ಆಗಿದ್ದಕ್ಕಲ್ಲ."

ಹುಡುಗ ಮೂರೂ ಅಂಕಿಯನ್ನು ಬೆರಳಿಟ್ಟು ಓದಿ, "ಮುಂದಿನ ಸಲ ಐವತ್ತೆರಡರಲ್ಲಿ ಶುರು ಮಾಡ್ಲಾ ಸಾರ್?" ಎಂದು ಕೇಳಿದ.