ಅಪ್ಪ ಹಿಟ್ಟೈಟ್ ಭಾಷೆ ತಿದ್ದಿದ ಭಾನುವಾರ

ಭಾನುವಾರ ಬೆಳಗ್ಗೆ ಒಂದೇ ಒಂದು ಕ್ರಿಯಾಪದದ ಜೊತೆ ಗುದ್ದಾಡುತ್ತಾ ಕೂತಿದ್ದೆ. ಹಿಟ್ಟೈಟ್ ಭಾಷೆಯದು. ಈಗಿನ ಟರ್ಕಿಯಲ್ಲಿ, ಹತ್ತುಸ ಅನ್ನೋ ರಾಜಧಾನಿಯ ಜನ ಮೂರು ಸಾವಿರ ವರ್ಷಕ್ಕೂ ಹಿಂದೆ ಜೇಡಿಮಣ್ಣಿನ ಹಲಗೆ ಮೇಲೆ ಒತ್ತಿ ಬರೆದಿಟ್ಟ ಭಾಷೆ. ಪರೀಕ್ಷೆ ಏನಿಲ್ಲ, ಸುಮ್ನೆ ಹುಚ್ಚು.

ಎದುರಿಗಿದ್ದದ್ದು ಆ ಹೆಸರಾಂತ ವಾಕ್ಯ: ‘ನು ನಿಂದಾ-ಅನ್ ಎತ್ಸತ್ತೇನಿ, ವಾತರ್-ಮ ಎಕುತ್ತೇನಿ.’ ಚೆಕ್ ವಿದ್ವಾಂಸ ಹ್ರೋಜ್ನಿ 1915ರಲ್ಲಿ ಈ ಭಾಷೆಯ ಬೀಗ ತೆಗೆದದ್ದು ಇದರಿಂದಲೇ ಅಂತಾರೆ. ನಿಂದಾ ಅನ್ನೋದು ಹಿಟ್ಟೈಟರು ಸುಮೇರಿಯನ್ ಅನ್ನೋ ಬೇರೆ ಹಳೇ ಭಾಷೆಯಿಂದ ಎರವಲು ತಂದ ಗುರುತು, ಅಂದರೆ ರೊಟ್ಟಿ. ರೊಟ್ಟಿ ಇದ್ದ ಮೇಲೆ ಪಕ್ಕದಲ್ಲಿ ತಿನ್ನೋದೂ ಇರಬೇಕು ಅಲ್ವಾ? ವಾತರ್ ಅಂತೂ ವಾಟರ್ ಥರವೇ ಇದೆ. ‘ಈಗ ನೀವು ರೊಟ್ಟಿ ತಿನ್ನುತ್ತೀರಿ, ನೀರು ಕುಡಿಯುತ್ತೀರಿ.’

ನಾನು ಧಾತು ‘ಎತ್ಸ’ ಅಂತ ಬರೆದುಕೊಂಡಿದ್ದೆ. ಆದರೆ ಕೋಷ್ಟಕದಲ್ಲಿ ಏದ್ಮಿ, ಅದಂತ್ಸಿ ಅಂತೆಲ್ಲ ಇತ್ತು. ಇದು ಬೇರೆ ಕ್ರಿಯಾಪದ ಅಂದುಕೊಂಡು ಎರಡು ಪುಟ ತುಂಬಿಸಿ, ಎಲ್ಲೋ ಎಡವಟ್ಟಾಗಿದೆ ಅನ್ನೋ ಹೊತ್ತಿಗೆ ಅಪ್ಪನ ಫೋನ್ ಬಂತು. ಅವರು ನಿವೃತ್ತ ಸಂಸ್ಕೃತ ಮೇಷ್ಟ್ರು. ಸಂಸ್ಕೃತ, ಹಿಟ್ಟೈಟ್, ಗ್ರೀಕ್, ಲ್ಯಾಟಿನ್ ಎಲ್ಲವೂ ಒಂದೇ ಭಾಷಾ ಕುಟುಂಬದವು.

“ಏದ್ಮಿ ಅಂದರೆ ತಿನ್ನುತ್ತೇನೆ, ಅದಂತ್ಸಿ ಅಂದರೆ ತಿನ್ನುತ್ತಾರೆ” ಅಂದೆ.

ಆ ಕಡೆ ಸದ್ದಿಲ್ಲ. ಆಮೇಲೆ “ಅತ್ತಿ, ಅತ್ತಃ, ಅದಂತಿ” ಅಂತ ಸಂಸ್ಕೃತದ ‘ತಿನ್ನು’ ರೂಪಗಳನ್ನು ಗಡಗಡ ಶುರು ಮಾಡಿದರು. “ಧಾತುಗಳ ಎರಡನೇ ಗುಂಪಿಗೆ, ಅಂದರೆ ಎರಡನೇ ಗಣಕ್ಕೆ, ಅದಾದಿ ಅಂತ ಹೆಸರು ಬಂದದ್ದೇ ಈ ಅದ್ ಧಾತುವಿನಿಂದ, ಬೈದು ಕಲಿಸಿದ್ದೆ ನಿನಗೆ. ಮಧ್ಯಮ ಪುರುಷ ಬಹುವಚನ ಹೇಳು?”

ಅತ್ಥ, ಅಂದರೆ ನೀವು ತಿನ್ನುತ್ತೀರಿ! ಗಂಟು ಬಿಚ್ಚಿದ್ದು ಅಲ್ಲೇ. ಸಂಸ್ಕೃತದಲ್ಲಿ ದ್ ಮತ್ತು ಥ ಪಕ್ಕಪಕ್ಕ ಬಂದರೆ ತ್ಥ ಆಗಿ ಸುಮ್ಮನಾಗುತ್ತವೆ, ಹಿಟ್ಟೈಟರ ಬಾಯಲ್ಲಿ ದ್ ಮತ್ತು ತ್ ನಡುವೆ ಒಂದು ಸ್ ನುಸುಳಿಬಿಡುತ್ತದೆ. ಏದ್ ಜೊತೆ ತ್ತೇನಿ ಸೇರಿದರೆ ಎತ್ಸ್ತೇನಿ. ನಡುವಿನ ‘ಅ’ ಬರೀ ಲಿಪಿಯ ಕಾಟ. ಆ ಮೊಳೆ ಲಿಪಿಯಲ್ಲಿ ನಮ್ಮ ಹಾಗೆ ಒತ್ತಕ್ಷರ ಇಲ್ಲ, ಸ್ವರ ಅಂಟಿಸದೆ ವ್ಯಂಜನ ಬರೆಯೋಕಾಗಲ್ಲ. ಆ ಕಾಟವನ್ನೇ ನಾನು ಧಾತು ಅಂದುಕೊಂಡು ಅರ್ಧ ದಿನ ಹಾಳು ಮಾಡಿದ್ದೆ.

ಅಪ್ಪನಿಗೆ ಈಗ ಹುರುಪು ಬಂತು. “ಏದ್ಮಿಯಲ್ಲಿ ಏಕಾರ ಯಾಕೆ? ತಪ್ಪು ಬರೆದಿದ್ದಾರೆ.” ಗ್ರೀಕ್, ಲ್ಯಾಟಿನ್‌ನಲ್ಲೂ ಎಕಾರವೇ ಇದೆ, ಅದೇ ಹಳೇದು, ಸಂಸ್ಕೃತದಲ್ಲೇ ಅದು ಅಕಾರ ಆಗಿದ್ದು ಅಂತ ಎಷ್ಟು ಹೇಳಿದರೂ ಒಪ್ಪಲಿಲ್ಲ. ಅದರ ಬದಲು, ಅನ್ನ ಅನ್ನೋ ಪದವೂ ಅದ್ ಧಾತುವಿನದೇ ಅಂದರು. ತಿಂದದ್ದು ಅನ್ನ. ನಾವು ಉಣ್ಣೋದು, ತಿನ್ನೋದು ದ್ರಾವಿಡ ಧಾತುವಿನಲ್ಲಿ, ಆದರೆ ತಟ್ಟೆಯಲ್ಲಿರೋದು ಈ ಏದ್‌ನ ನೆಂಟ!

“ಹಾಗಾದರೆ ಅವರು ರೊಟ್ಟಿಗೆ ಏನಂತಿದ್ದರು?”

“ಆ ಗುರುತು ನೋಡಿದರೆ ತಿಳಿಯಲ್ಲ ಅಪ್ಪ. ಸುಮೇರಿಯನ್ ಗುರುತು ಬರೆದು ಕೊನೆಗೆ ತಮ್ಮ ‘ಅನ್’ ಅಂಟಿಸಿದ್ದಾರೆ, ಅಷ್ಟೆ.”

“ಅನ್? ದ್ವಿತೀಯಾ ವಿಭಕ್ತಿ ತಾನೇ?”

“ಹೌದು.”

“ಅದಾದರೂ ಸರಿ ಇದೆ” ಅಂದು ಫೋನ್ ಇಟ್ಟರು.