ಸಸೂನ್ ಸಾಹುಕಾರರ ಧರ್ಮದ ದುಡ್ಡು

ಮುಂಬೈ ಫೋರ್ಟಿನಲ್ಲಿ ದುಡಿದ ನಮ್ಮ ಕಡೆಯವರಿಗೆ ಸಸೂನ್ ಅನ್ನುವ ಹೆಸರು ಹೊಸದೇನಲ್ಲ. ಮೀನಿಗೆ ಸಸೂನ್ ಡಾಕ್. ಪೇಪರ್ ಓದೋಕೆ ಸಸೂನ್ ಲೈಬ್ರರಿ. ಪುಣೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಸಸೂನ್ ಆಸ್ಪತ್ರೆ. ಆದರೆ ಆ ಸಸೂನ್ ಯಾರು ಅಂತ ನಮ್ಮಪ್ಪ ಯಾವತ್ತೂ ತಲೆ ಕೆಡಿಸಿಕೊಂಡಿರಲಿಲ್ಲ. ಯಾರೋ ಪಾರ್ಸಿ ಇರಬೇಕು ಅಂದುಕೊಂಡಿದ್ದರಂತೆ.

ಪಾರ್ಸಿ ಅಲ್ಲ, ಯಹೂದಿ. ಬಾಗ್ದಾದಿನವರು. ಅಲ್ಲಿನ ಗವರ್ನರ್ ದಾವೂದ್ ಪಾಶಾನ ಕಾಟ ತಾಳಲಾರದೆ ಡೇವಿಡ್ ಸಸೂನ್ ಊರು ಬಿಟ್ಟರು. ಇರಾನಿನ ಬುಷೇರ್ ಬಂದರಿನಲ್ಲಿ ಸ್ವಲ್ಪ ಕಾಲ ಇದ್ದು, 1832ರ ಸುಮಾರಿಗೆ ಬೊಂಬಾಯಿಗೆ ಬಂದು ವ್ಯಾಪಾರ ಹಿಡಿದರು. ಎಂಟು ಗಂಡುಮಕ್ಕಳು. ಹಾಂಗ್‌ಕಾಂಗ್, ಶಾಂಘೈ ಎಲ್ಲ ಕಡೆ ಮಕ್ಕಳನ್ನೇ ಕಳಿಸಿ ಗಲ್ಲಾ ಮೇಲೆ ಕೂರಿಸಿದರು. ಸಂಪಾದಿಸಿದ್ದರಲ್ಲಿ ಒಂದು ಪಾಲನ್ನು ತಮ್ಮ ಜನಕ್ಕೆ ಅಂತ ತೆಗೆದಿಟ್ಟರು. ಪ್ರಾರ್ಥನಾ ಮಂದಿರ, ಶಾಲೆ, ಸ್ಮಶಾನ, ಬಡವರಿಗೆ ಅನ್ನ. ಆ ಪಾಲು ಎಲ್ಲೆಲ್ಲಿ ಹೋಗಿದೆ ನೋಡೋಣ ಬನ್ನಿ ಅಂತ ಅಪ್ಪನನ್ನು ಹೊರಡಿಸಿದೆ. ಮಂಡಿ ನೋವು ಅಂತ ಗೊಣಗಿದರು, ಆದರೂ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಫೋರ್ಟು ಅಂದರೆ ಅವರಿಗೆ ಹಾಗೆ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ಅಲ್ಲಿನ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆದವರು. ನಮ್ಮವರೇ ನಡೆಸುತ್ತಿದ್ದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಆಫೀಸು ಸೇರಿದವರು.

ಮೊದಲು ಕಾಲಾ ಘೋಡಾ. ಆ ಜಾಗಕ್ಕೆ ಹೆಸರು ಕೊಟ್ಟ ಕಪ್ಪು ಕುದುರೆ ಪ್ರತಿಮೆಯನ್ನು ಕೊಟ್ಟವರೂ ಸಸೂನರೇ, ಡೇವಿಡ್ ಮಗ ಆಲ್ಬರ್ಟ್. ಅದರ ಮೇಲೆ ಕೂತಿದ್ದವನು ಬ್ರಿಟಿಷ್ ರಾಜಕುಮಾರ, ಮುಂದೆ ಏಳನೇ ಎಡ್ವರ್ಡ್ ಆದವನು. 1965ರಲ್ಲಿ ಸವಾರನ ಸಮೇತ ಎತ್ತಿ ಬೈಕುಲ್ಲಾದ ರಾಣಿ ಬಾಗಿಗೆ, ಅಂದರೆ ಅಲ್ಲಿನ ಪ್ರಾಣಿ ಸಂಗ್ರಹಾಲಯದ ತೋಟಕ್ಕೆ ಸಾಗಿಸಿದರು. ಈಗ ಇಲ್ಲಿರುವುದು 2017ರಲ್ಲಿ ನಿಲ್ಲಿಸಿದ ಹೊಸ ಕುದುರೆ, ಮೇಲೆ ಯಾರೂ ಇಲ್ಲ. "ಇದೇ ವಾಸಿ" ಅಂದರು ಅಪ್ಪ.

ಎದುರಿನ ಲೈಬ್ರರಿ 1870ರದ್ದು. ಹಳದಿ ಕಲ್ಲಿನ ಕಟ್ಟಡ. ಒಳಗೆ ಹೋಗುತ್ತಿದ್ದಂತೆ ಡೇವಿಡ್ ಸಸೂನರ ಬಿಳಿ ಅಮೃತಶಿಲೆಯ ಪ್ರತಿಮೆ. ಮುಂಡಾಸು, ಉದ್ದ ನಿಲುವಂಗಿ, ಗಡ್ಡ. ಬ್ರಿಟಿಷ್ ಪ್ರಜೆ ಆಗುವಾಗಲೂ ಹೀಬ್ರೂ ಅಕ್ಷರದಲ್ಲೇ ಸಹಿ ಹಾಕಿದ ಮನುಷ್ಯ. ಮೇಲೆ ವರಾಂಡದಲ್ಲಿ ಉದ್ದ ಕೈಗಳ ಆರಾಮ ಕುರ್ಚಿಗಳಿವೆ. ಆ ಕೈಗಳ ಮೇಲೆ ಕಾಲು ಚಾಚಿಕೊಂಡು, ಮುಖದ ಮೇಲೆ ಪೇಪರ್ ಹೊದ್ದು ಯಾರೋ ಒಬ್ಬರು ಗೊರಕೆ ಹೊಡೆಯುತ್ತಿದ್ದರು. ಕರಿ ಕೋಟು ಪಕ್ಕದಲ್ಲಿ ನೇತಾಡುತ್ತಿತ್ತು. ಹೈಕೋರ್ಟ್ ಹತ್ತಿರವೇ ಅಲ್ವಾ, ವಕೀಲರು ಜಾಸ್ತಿ.

ಸಸೂನ್ ಪೇಢಿಯಲ್ಲಿ, ಅಂದರೆ ಅವರ ವ್ಯಾಪಾರದ ಕಚೇರಿಯಲ್ಲಿ, ಒಂದು ಪದ್ಧತಿ ಇತ್ತು ಅಂತ ಓದಿದ್ದೆ. ಲಾಭ ಬರಲಿ ಬಿಡಲಿ, ಪ್ರತಿ ವ್ಯವಹಾರದ ಮೇಲೆ ನೂರಕ್ಕೆ ಕಾಲು ರೂಪಾಯಿ ಧರ್ಮಕ್ಕೆ ಅಂತ ಖಾತೆ ಪುಸ್ತಕದಲ್ಲಿ ಬೇರೆ ಬರೆಯುತ್ತಿದ್ದರಂತೆ. ಇದನ್ನು ಹೇಳಿದಾಗ ಅಪ್ಪನಿಗೆ ಏನೂ ಆಶ್ಚರ್ಯ ಆಗಲಿಲ್ಲ. ಮಸ್ಜಿದ್ ಬಂದರಿನ ಗುಜರಾತಿ, ಮಾರ್ವಾಡಿ ಪೇಢಿಗಳ ಬಿಲ್ಲಿನಲ್ಲೂ 'ಧರ್ಮಾದಾ' ಅಂತ ಒಂದು ಸಾಲು ಇರುತ್ತಿತ್ತು. "ನಮ್ಮ ಹೋಟೆಲ್ ಸಾಹುಕಾರರೂ ಊರ ದೇವಸ್ಥಾನಕ್ಕೆ ಅಂತ ನಮ್ಮ ಪಗಾರದಲ್ಲಿ ಹಿಡೀತಿದ್ರು ಮಗಾ. ಹೆಸರು ಮಾತ್ರ ಅವರದ್ದು" ಅಂದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಕೆನೆಸೆತ್ ಎಲಿಯಾಹೂ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಡೇವಿಡ್ ಮೊಮ್ಮಗ ಜೇಕಬ್ ಮತ್ತು ಅವನ ತಮ್ಮಂದಿರು ತಮ್ಮ ತಂದೆ ಎಲಿಯಾಸ್ ನೆನಪಿಗೆ 1884ರಲ್ಲಿ ಕಟ್ಟಿಸಿದ್ದು. ಬಾಗಿಲಲ್ಲಿ ಪೊಲೀಸರು. 2008ರ ದಾಳಿಯಲ್ಲಿ ಕೊಲಾಬಾದ ಯಹೂದಿ ಕೇಂದ್ರಕ್ಕೂ ನುಗ್ಗಿದ್ದರಲ್ಲ, ಆಮೇಲಿಂದ ಕಾವಲು ಬಿಗಿ. ಆಧಾರ್ ತೋರಿಸಿ, ತಲೆಗೆ ಪುಟ್ಟ ಟೋಪಿ ಇಟ್ಟುಕೊಂಡು ಒಳಗೆ ಹೋದೆವು. ಅಪ್ಪನ ಬೋಳು ತಲೆ ಮೇಲೆ ಟೋಪಿ ನಿಲ್ಲದೆ ಜಾರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದುಕೊಂಡೇ ಬಣ್ಣದ ಗಾಜಿನ ಕಿಟಕಿ, ಕಂಬಗಳು, ಹೆಂಗಸರು ಕೂರುವ ಮೇಲಿನ ಗ್ಯಾಲರಿ ಎಲ್ಲ ನೋಡಿದರು. ಅವರು ಹುಡುಕುತ್ತಿದ್ದದ್ದು ಮಾತ್ರ ದಾನಿಗಳ ಹೆಸರು. ನಮ್ಮ ದೇವಸ್ಥಾನಗಳಲ್ಲಿ ಟ್ಯೂಬ್‌ಲೈಟಿನ ಬೆಳಕು ಹೊರಗೆ ಬಾರದಷ್ಟು ದಪ್ಪಕ್ಕೆ ಕೊಟ್ಟವರ ಹೆಸರು ಬರೆದಿರುತ್ತಾರೆ. ಇವರೂ ಏನು ಕಡಿಮೆ ಇಲ್ಲ, ಕಲ್ಲಿನಲ್ಲೇ ಕೆತ್ತಿಸಿದ್ದಾರೆ.

ಈ ಕಟ್ಟಡ ಹಾಳು ಸುರಿಯುತ್ತಿದ್ದದ್ದನ್ನು ನಾನೇ ನೋಡಿದ್ದೆ. 2019ರಲ್ಲಿ ರಿಪೇರಿ ಮುಗಿದು ಯುನೆಸ್ಕೋ ಪ್ರಶಸ್ತಿಯೂ ಬಂತು. ಅದಕ್ಕೆ ದೊಡ್ಡ ಮೊತ್ತ ಕೊಟ್ಟದ್ದು ಜಿಂದಾಲ್ ಕುಟುಂಬದ ಜೆಎಸ್‌ಡಬ್ಲ್ಯು ಫೌಂಡೇಶನ್. ಅಂದರೆ ನಮ್ಮ ಬಳ್ಳಾರಿ ತೋರಣಗಲ್ಲಿನ ಉಕ್ಕಿನ ಕಂಪನಿ. ಅಫೀಮಿನ ದುಡ್ಡಲ್ಲಿ ಕಟ್ಟಿದ್ದಕ್ಕೆ ಕಬ್ಬಿಣದ ಅದಿರಿನ ದುಡ್ಡಲ್ಲಿ ಸುಣ್ಣ ಬಣ್ಣ.

ಅಫೀಮು ಅಂದೊಡನೆ ಅಪ್ಪ ನಿಂತರು. ಮಾಳ್ವಾದಲ್ಲಿ ಬೆಳೆದ ಅಫೀಮು ಬೊಂಬಾಯಿ ಬಂದರಿನಿಂದ ಚೀನಾಕ್ಕೆ ಹೋಗುತ್ತಿತ್ತು, ಚೀನಾದವರು ಬೇಡ ಅಂದಿದ್ದಕ್ಕೆ ಇಂಗ್ಲಿಷರು 1839ರಲ್ಲಿ ಒಮ್ಮೆ, 1856ರಲ್ಲಿ ಒಮ್ಮೆ ಯುದ್ಧವನ್ನೇ ಹೂಡಿದರು, 1870ರ ದಶಕದ ಹೊತ್ತಿಗೆ ಆ ವ್ಯಾಪಾರದಲ್ಲಿ ಸಸೂನರೇ ಮುಂದಿದ್ದರು ಅಂತ ಹೇಳಿದೆ. "ಋಷಿಮೂಲ, ನದಿಮೂಲ ಕೇಳ್ಬಾರ್ದು" ಅಂದರು. ಋಷಿಗೂ ನದಿಗೂ ಸರಿ, ದುಡ್ಡಿನ ಮೂಲ ಕೇಳಲೇಬೇಕು ಅಂದೆ ನಾನು. ಶಾಂಘೈಯಲ್ಲಿ ಅಫೀಮು ಎಳೆದು ಮನೆ ಮಾರಿಕೊಂಡವನ ಹೆಸರು ಯಾವ ಕಲ್ಲಲ್ಲೂ ಇಲ್ಲವಲ್ಲ. "ಹೋಟೆಲಲ್ಲಿ ಚಾಕ್ಕೆ ನೀರು ಹಾಕಿದ ದುಡ್ಡಲ್ಲೇ ನಂಗೆ ರಾತ್ರಿ ಶಾಲೆ ಸ್ಲೇಟು ಬಂದದ್ದು. ಬೇಡ ಅನ್ಬೇಕಿತ್ತಾ?" ಅಂತ ಅಪ್ಪ. ಸ್ಟೇಷನ್ ತನಕ ಇದೇ ಜಗಳ.

ಸಿಎಸ್‌ಎಂಟಿಯಿಂದ ಸ್ಲೋ ಲೋಕಲ್ ಹಿಡಿದರೆ ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಆಮೇಲೆ ಬೈಕುಲ್ಲಾ. ಸಸೂನರು ತಮ್ಮ ಜನಕ್ಕೆ ಮಾಡಿದ್ದು ನಿಜವಾಗಿ ಕಾಣುವುದು ಇಲ್ಲಿ. ಡೇವಿಡ್ ಇದ್ದ ಬಂಗಲೆ ಸಾನ್ ಸೂಸಿ ಈಗ ಮಸೀನಾ ಆಸ್ಪತ್ರೆ. ಗಡಿಯಾರದ ಗೋಪುರ ಇರುವ ಮಾಗೆನ್ ಡೇವಿಡ್ ಸಿನಗಾಗ್ ಡೇವಿಡ್ ಕಟ್ಟಿಸಿದ್ದು, 1910ರಲ್ಲಿ ಜೇಕಬ್ ದೊಡ್ಡದು ಮಾಡಿಸಿದ್ದು. ಅದೇ ಕಾಂಪೌಂಡಿನಲ್ಲಿ ಅವರ ಹೆಸರಿನ ಶಾಲೆಗಳು. ಬಾಗ್ದಾದಿನಿಂದ ಬರಿಗೈಯಲ್ಲಿ ಬಂದ ಯಹೂದಿ ಹುಡುಗರಿಗೆ ಡೇವಿಡ್ ತೆರೆದ ಶಾಲೆಯಲ್ಲಿ ಹೀಬ್ರೂ, ಅರಬ್ಬಿ, ಇಂಗ್ಲಿಷಿನ ಜೊತೆ ಲೆಕ್ಕಪತ್ರ ಬರೆಯುವುದನ್ನೂ ಕಲಿಸುತ್ತಿದ್ದರು. ಕಲಿತವರು ಕಂಪನಿಯ ಶಾಂಘೈ, ಹಾಂಗ್‌ಕಾಂಗ್ ಪೇಢಿಗಳಿಗೆ ಗುಮಾಸ್ತರಾಗಿ ಹೋಗುತ್ತಿದ್ದರು. ಧರ್ಮಕ್ಕೆ ಧರ್ಮವೂ ಆಯಿತು, ನಂಬಿಕೆಯ ಆಳುಗಳೂ ಸಿಕ್ಕರು. ಇದು ನನಗೆ ತಪ್ಪು ಅಂತ ಅನಿಸುವುದಿಲ್ಲ, ಆದರೆ ಸುಮ್ನೆ ಕೊಟ್ಟದ್ದು ಅಂತಲೂ ಹೇಳಲಾರೆ.

ಹೊಟ್ಟೆಗೆ ಹಿಡಿಸದ್ದು ಬೇರೆ. ಕೊಂಕಣದಲ್ಲಿ ಶತಮಾನಗಳಿಂದ ಎಣ್ಣೆ ಗಾಣ ನಡೆಸುತ್ತಿದ್ದ ಬೆನೆ ಇಸ್ರೇಲ್ ಯಹೂದಿಗಳೂ ಇದೇ ಊರಿನಲ್ಲಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೇ ಜನ ಅವರನ್ನು ಶನಿವಾರ ತೇಲಿ ಅಂತ ಕರೆಯುತ್ತಿದ್ದರು. ತೇಲಿ ಅಂದರೆ ಗಾಣಿಗ. ಮರಾಠಿ ಮಾತಾಡುವ ಇವರನ್ನು ಬಾಗ್ದಾದಿನವರು ಸರಿಸಮ ಅಂತ ಒಪ್ಪಲಿಲ್ಲ. ಸ್ಮಶಾನದಲ್ಲಿ ಇಬ್ಬರ ನಡುವೆ ಗೋಡೆ ಬೇಕು ಅಂತ 1836ರಲ್ಲಿ ಸರ್ಕಾರಕ್ಕೆ ಅರ್ಜಿ ಹೋಯಿತು. ಹಾಕಿದವರಲ್ಲಿ ಡೇವಿಡ್ ಸಸೂನರೂ ಒಬ್ಬರು. ಆಮೇಲೆ ಬಾಗ್ದಾದಿ ಯಹೂದಿಗಳು ಲಂಡನ್, ಇಸ್ರೇಲ್ ಅಂತ ಹೊರಟುಹೋದರು. ಇಡೀ ಭಾರತದಲ್ಲಿ ಈಗ ಯಹೂದಿಗಳು ಸುಮಾರು 5,000. ಬಹುತೇಕ ಬೆನೆ ಇಸ್ರೇಲ್. ಪ್ರಾರ್ಥನೆ ಶುರುವಾಗಬೇಕಾದರೆ ಹತ್ತು ಜನ ಗಂಡಸರು ಸೇರಬೇಕು ಅನ್ನುವ ನಿಯಮ ಇದೆಯಲ್ಲ, ಸಸೂನರ ಮಂದಿರದಲ್ಲಿ ಆ ಹತ್ತು ತುಂಬಿಸುವವರು ಈಗ ಇವರೇ.

ಶಾಲೆ ಬಿಡುವ ಹೊತ್ತು. ಗೇಟಿನಿಂದ ಮಕ್ಕಳು ನುಗ್ಗಿ ಬಂದರು. ಹಿಜಾಬ್ ತೊಟ್ಟ ಹುಡುಗಿಯರು, ವಾಟರ್ ಬಾಟಲ್ ತಿರುಗಿಸಿಕೊಂಡು ಒಬ್ಬರಿಗೊಬ್ಬರು ನೀರು ಚಿಮುಕಿಸುತ್ತಿದ್ದ ಹುಡುಗರು. ಬುರ್ಖಾದಲ್ಲಿ ಬಂದ ತಾಯಂದಿರು ಹೆಸರು ಹಿಡಿದು ಕೂಗುತ್ತಿದ್ದರು. ಯಹೂದಿ ಮಕ್ಕಳಿಗೆ ಅಂತ ಕಟ್ಟಿದ ಶಾಲೆಯಲ್ಲಿ ಈಗ ಓದುವವರು ಬಹುಪಾಲು ಸುತ್ತಲಿನ ಮುಸ್ಲಿಂ ಮಕ್ಕಳು. "ಜಗಳ ಗಿಗಳ ಆಗಲ್ವಾ?" ಅಂತ ಅಪ್ಪ ವಾಚ್‌ಮನ್‌ನನ್ನು ಹಿಂದಿಯಲ್ಲಿ ಕೇಳಿದರು. "ಕಾಹೇ ಕಾ ಝಗಡಾ, ಕಾಕಾ?" ಅಂತ ಅವನು ರಿಕ್ಷಾದವನಿಗೆ ಗಾಡಿ ಪಕ್ಕಕ್ಕೆ ಹಾಕು ಅಂತ ಸೀಟಿ ಊದಿದ.

ವಾಪಸು ಬರುವಾಗ ಅಪ್ಪ ತಮ್ಮ ರಾತ್ರಿ ಶಾಲೆ ಲೆಕ್ಕ ತೆಗೆದರು. ಊರಿನಿಂದ ಹೋಟೆಲ್ ಹುಡುಗರು ಬರುವುದು ನಿಂತಿತು, ಶಾಲೆಗೆ ಬೀಗ ಬಿತ್ತು. "ನಮ್ಮವರು ಬಾರ್ದಿದ್ರೆ ಬೇರೆಯವ್ರನ್ನ ಸೇರಿಸ್ಕೊಳ್ಬೇಕಿತ್ತು. ಇವ್ರು ಸೇರಿಸ್ಕೊಂಡ್ರು, ನಡೀತಾ ಇದೆ" ಅಂದರು. ಅಷ್ಟು ಸುಲಭ ಅಲ್ಲ ಅಂದೆ. ಅದು ಕನ್ನಡ ಮೀಡಿಯಂ, ಇದು ಇಂಗ್ಲಿಷ್. ಬೈಕುಲ್ಲಾ ಪಕ್ಕದ ಮದನ್‌ಪುರಾದ ಹುಡುಗ ರಾತ್ರಿ ಎಂಟು ಗಂಟೆಗೆ ಕನ್ನಡ ಕಲಿಯೋಕೆ ಫೋರ್ಟಿಗೆ ಯಾಕೆ ಬರುತ್ತಾನೆ? ಇಂಗ್ಲಿಷ್ ಮೀಡಿಯಂ ಮಾಡಬೇಕಿತ್ತು ಅಂದರು. ಆಗ ನಿಮ್ಮ ಸಂಘದವರು ಚಂದಾ ಕೊಡ್ತಿದ್ರಾ ಅಂದೆ. ಕೊಡ್ತಿರಲಿಲ್ಲ ಅಂತ ಅವರೇ ಒಪ್ಪಿಕೊಂಡರು, ನಾನಂತೂ ಕೊಡ್ತಿದ್ದೆ ಅಂತಲೂ ಸೇರಿಸಿದರು.