ಕೆನಡಾಕ್ಕೆ ಮೊದಲು ಒಬ್ಬರೇ ಹೋಗೋದಾ, ಎಲ್ಲರೂ ಒಟ್ಟಿಗೆ ಹೋಗೋದಾ?

ಪಿಆರ್ (ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಬಂತು ಅಂತ ಊರಿಂದ ಫೋನ್ ಮಾಡುವವರು ಚಳಿ ಬಗ್ಗೆ ಕೇಳುತ್ತಾರೆ, ಕೆಲಸದ ಬಗ್ಗೆ ಕೇಳುತ್ತಾರೆ. ಮಾತು ಮುಗಿಯುವ ಮುಂಚೆ ಎಲ್ಲರೂ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ. "ಮೊದಲು ನಾನೊಬ್ಬನೇ ಬಂದು ಕೆಲಸ ಹುಡುಕಿ, ಮನೆ ಮಾಡಿ, ಆಮೇಲೆ ಹೆಂಡ್ತಿ ಮಕ್ಕಳನ್ನ ಕರೆಸ್ಕೊಳ್ಳಲಾ? ಇಲ್ಲಾ ಎಲ್ಲರೂ ಒಟ್ಟಿಗೇ ಬಂದುಬಿಡೋದಾ?"

ಆಗುವುದಾದರೆ ಒಟ್ಟಿಗೆ ಬನ್ನಿ. ಜುಲೈ ಹೊತ್ತಿಗೆ ಬಂದರೆ ಇನ್ನೂ ಒಳ್ಳೆಯದು. ಪ್ರತಿ ಸಲವೂ ನಾನು ಹೇಳುವುದು ಇಷ್ಟೇ. ನಾನಿರುವುದು ಟೊರಾಂಟೊ ಪಕ್ಕದಲ್ಲಿ, ಹಾಗಾಗಿ ಇಲ್ಲಿ ಬರೆದಿರುವ ನಿಯಮಗಳು ಹೆಚ್ಚಾಗಿ ಒಂಟಾರಿಯೊ ಪ್ರಾಂತ್ಯದವು. ಶಾಲೆ, ಆಸ್ಪತ್ರೆ, ಡ್ರೈವಿಂಗ್ ಲೈಸೆನ್ಸ್ ಎಲ್ಲಾ ಇಲ್ಲಿ ಪ್ರಾಂತ್ಯಕ್ಕೊಂದು ಥರ.

ಒಬ್ಬರೇ ಮೊದಲು ಬರುವ ಲೆಕ್ಕ ಕೇಳೋಕೆ ಸರಿಯಾಗೇ ಇದೆ. ಒಂಟಿ ಜನಕ್ಕೆ ಖರ್ಚು ಕಡಿಮೆ. ಯಾರದೋ ಬೇಸ್‌ಮೆಂಟಿನಲ್ಲಿ ಒಂದು ರೂಮು ಸಾಕು. ಕೆಲಸ ತಡವಾದರೂ ಮಕ್ಕಳ ಮುಖ ನೋಡಿ ಗಾಬರಿಯಾಗುವ ಹಾಗಿಲ್ಲ. ಊರಲ್ಲಿ ಇನ್ನೊಬ್ಬರ ಸಂಬಳ ನಡೆಯುತ್ತಿರುತ್ತದೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಈ ಲೆಕ್ಕದಲ್ಲಿ ಹಿಂದೆ ಉಳಿದವರ ಪಾಲು ಇಲ್ಲ.

ಮೊದಲು ಬಂದವರು ಆರೇಳು ತಿಂಗಳಲ್ಲಿ ಊರನ್ನೇ ಅರೆದು ಕುಡಿದಿರುತ್ತಾರೆ. ಯಾವ ಬಸ್ಸು ಎಲ್ಲಿ ತಿರುಗುತ್ತದೆ, ಹೆಲ್ತ್ ಕಾರ್ಡಿಗೆ ಯಾವ ಕಾಗದ ಬೇಕು, ಕೊತ್ತಂಬರಿ ಸೊಪ್ಪು ಎಲ್ಲಿ ಅಗ್ಗ, ಎಲ್ಲಾ ಗೊತ್ತು. ಆಮೇಲೆ ಹೆಂಡತಿ ಬರುತ್ತಾಳೆ. ಮನೆ ಆಗಿದೆ, ಸೋಫಾ ಬಂದಿದೆ, ಇಂಟರ್‌ನೆಟ್ ಬಂದಿದೆ, ಮಗುವಿನ ಶಾಲೆಯೂ ಗೊತ್ತಾಗಿದೆ. ಅವಳಿಗೆ ಮಾಡಲು ಏನೂ ಉಳಿದಿಲ್ಲ, ಕೇಳಲು ಮಾತ್ರ ಬೇಕಾದಷ್ಟಿದೆ. ಕರೆಂಟ್ ಬಿಲ್ಲಿನ ಪಾಸ್‌ವರ್ಡ್ ಏನು? ಕಸ ಯಾವತ್ತು ಹೊರಗಿಡಬೇಕು? ಬೆಂಗಳೂರಿನಲ್ಲಿ ಹತ್ತು ಜನರ ಟೀಮ್ ನೋಡಿಕೊಂಡು, ಸಂಜೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸ್ಕೂಟರ್ ನುಗ್ಗಿಸಿಕೊಂಡು ಬರುತ್ತಿದ್ದವಳು ತನ್ನದೇ ಮನೆಯಲ್ಲಿ ನೆಂಟಳಾಗಿಬಿಡುತ್ತಾಳೆ. ಅವನು "ಇಷ್ಟೆಲ್ಲಾ ಮಾಡಿಟ್ಟಿದೀನಲ್ಲ" ಅನ್ನುತ್ತಾನೆ. ಅವಳು "ನನ್ನ ಒಂದ್ ಮಾತು ಕೇಳಿದ್ರಾ" ಅನ್ನುತ್ತಾಳೆ. ಇಬ್ಬರದ್ದೂ ಸರಿಯೇ. ಈ ಜಗಳ ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಹೆಂಡತಿ ಮೊದಲು ಬಂದು ಗಂಡ ಆಮೇಲೆ ಬಂದ ಮನೆಗಳಲ್ಲೂ ಇದೇ ಕಥೆ. ಅಲ್ಲಿ ಗಂಡ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಒಟ್ಟಿಗೆ ಬಂದರೆ ಇಬ್ಬರಿಗೂ ಏನೂ ಗೊತ್ತಿರುವುದಿಲ್ಲ. ಅದೇ ಒಳ್ಳೆಯದು. ಕೆಲಸಕ್ಕೂ ತೆರಿಗೆಗೂ ಬೇಕಾದ ಸಿನ್ ನಂಬರಿಗೆ ಇಬ್ಬರೂ ಕ್ಯೂ ನಿಲ್ಲುತ್ತಾರೆ, ಹೆಲ್ತ್ ಕಾರ್ಡಿಗೆ ಇಬ್ಬರೂ ಅಲೆಯುತ್ತಾರೆ. ತಪ್ಪು ಬಸ್ ಹತ್ತಿದರೂ ಇಬ್ಬರೂ ಹತ್ತಿರುತ್ತಾರೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಏನು ಮಾಡಿದರೂ ಇಬ್ಬರ ಹೆಸರಿನಲ್ಲಿ ಮಾಡಿ. ಕೆನಡಾದಲ್ಲಿ ಕ್ರೆಡಿಟ್ ಹಿಸ್ಟರಿ, ಅಂದರೆ ಸಾಲ, ಬಿಲ್ಲು ಸರಿಯಾಗಿ ಕಟ್ಟಿದ ದಾಖಲೆ, ಒಬ್ಬೊಬ್ಬರಿಗೂ ಬೇರೆ ಬೇರೆ. ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಅಂತ ಎರಡು ಕಂಪನಿಗಳು ಅದನ್ನು ಬರೆದಿಡುತ್ತವೆ. ನಿಮ್ಮ ಇಂಡಿಯಾದ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿರಲಿ, ಇಲ್ಲಿ ಸಾಮಾನ್ಯವಾಗಿ ಇಬ್ಬರೂ ಸೊನ್ನೆಯಿಂದಲೇ ಶುರು. ಗಂಡನ ಕಾರ್ಡಿಗೆ ಇನ್ನೊಂದು ಆಡ್-ಆನ್ ಕಾರ್ಡ್ ತೆಗೆದುಕೊಂಡರೆ ಹೆಂಡತಿಯ ಹಿಸ್ಟರಿ ಬೆಳೆಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಅವಳದ್ದೇ ಕಾರ್ಡ್, ಅವಳದ್ದೇ ಫೋನ್ ಕನೆಕ್ಷನ್, ಬಾಡಿಗೆ ಕರಾರಿನಲ್ಲಿ ಅವಳದ್ದೂ ಸಹಿ ಇರಲಿ. ಲೈಸೆನ್ಸ್ ಕೂಡ ಹಾಗೇ. ಒಂಟಾರಿಯೊದಲ್ಲಿ ಬಂದು ನೆಲೆಸಿದವರು ಹೊರದೇಶದ ಲೈಸೆನ್ಸ್‌ನಲ್ಲಿ 60 ದಿನ ಮಾತ್ರ ಗಾಡಿ ಓಡಿಸಬಹುದು. ಆಮೇಲೆ ಇಲ್ಲಿನದೇ ಆಗಬೇಕು. ಊರಲ್ಲಿ ಎಷ್ಟು ವರ್ಷ ಓಡಿಸಿದ್ದೀರಿ ಅನ್ನುವುದಕ್ಕೆ ಅಧಿಕೃತ ಪತ್ರ ಇದ್ದರೆ ವರ್ಷಗಟ್ಟಲೆ ಕಾಯುವುದು ತಪ್ಪುತ್ತದೆ. ಆರ್‌ಟಿಓಗೆ ಹೋಗಿ ಡಿಎಲ್ ಎಕ್ಸ್‌ಟ್ರಾಕ್ಟ್ ತೆಗೆದುಕೊಳ್ಳುವಾಗ ಇಬ್ಬರದ್ದೂ ತೆಗೆದುಕೊಳ್ಳಿ.

ಇನ್ನು ದೂರದಲ್ಲಿದ್ದುಕೊಂಡು ಸಂಸಾರ ನಡೆಸುವ ಕಷ್ಟ. ವಿಡಿಯೋ ಕಾಲ್ ಇದೆಯಲ್ಲ ಅನ್ನುತ್ತಾರೆ. ಗಡಿಯಾರ ನೋಡಿ. ಚಳಿಗಾಲದಲ್ಲಿ ಟೊರಾಂಟೊ ನಮ್ಮೂರಿಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಒಂಬತ್ತಕ್ಕೆ ಮಗು ಮಲಗುವ ಹೊತ್ತಿಗೆ ಇಲ್ಲಿ ಬೆಳಗ್ಗೆ ಹತ್ತೂವರೆ, ಕೆಲಸದ ಮಧ್ಯೆ. ಇಲ್ಲಿ ಸಂಜೆ ಆರೂವರೆಗೆ ಮನೆ ಸೇರಿದರೆ ಅಲ್ಲಿ ಬೆಳಗಿನ ಜಾವ ಐದು. ಉಳಿಯುವುದು ಶನಿವಾರ, ಭಾನುವಾರ.

ದುಡ್ಡಿನ ವಿಷಯದಲ್ಲೂ ಎಲ್ಲರೂ ಮರೆಯುವ ಒಂದು ಬಾಬ್ತಿದೆ. ಮಕ್ಕಳಿರುವ ಮನೆಗೆ ಇಲ್ಲಿ ಕೇಂದ್ರ ಸರ್ಕಾರ ಕೆನಡಾ ಚೈಲ್ಡ್ ಬೆನಿಫಿಟ್ ಅಂತ ಪ್ರತಿ ತಿಂಗಳು ಹಣ ಕೊಡುತ್ತದೆ. ಎಷ್ಟು ಅನ್ನುವುದು ಮನೆಯ ಆದಾಯದ ಮೇಲೆ. ನಮ್ಮ ಲಕ್ಷಗಳನ್ನು ಡಾಲರಿಗೆ ತಿರುಗಿಸಿದರೆ ಆದಾಯ ಸಣ್ಣದಾಗಿ ಕಾಣುತ್ತದೆ, ಹಾಗಾಗಿ ಹೊಸದಾಗಿ ಬಂದವರಿಗೆ ಸಾಮಾನ್ಯವಾಗಿ ಒಳ್ಳೆಯ ಮೊತ್ತವೇ ಬರುತ್ತದೆ. ಪಿಆರ್ ಇರುವವರು ಬಂದ ಕೂಡಲೇ ಅರ್ಜಿ ಹಾಕಬಹುದು. ಆದರೆ ಮಗು ನಿಮ್ಮ ಜೊತೆ ಇಲ್ಲಿ ಇರಬೇಕು. ಮಗು ಮೈಸೂರಿನಲ್ಲಿ ಅಜ್ಜಿಮನೆಯಲ್ಲಿದ್ದರೆ ಏನೂ ಇಲ್ಲ.

ಯಾಕೆ ಜುಲೈ? ಶಾಲೆಗೋಸ್ಕರ.

ಇಲ್ಲಿ ಶಾಲೆ ಶುರುವಾಗುವುದು ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಕಳೆದ ಮೇಲೆ. ಜೂನ್ ಕೊನೆಗೆ ಮುಗಿಯುತ್ತದೆ. ನಡುವೆ ಯಾವಾಗ ಬಂದರೂ ಸೇರಿಸಿಕೊಳ್ಳುತ್ತಾರೆ, ಸರ್ಕಾರಿ ಶಾಲೆಗೆ ಫೀಸೂ ಇಲ್ಲ, ಡೊನೇಷನ್ನೂ ಇಲ್ಲ. ಆದರೆ ಜನವರಿಯ ಹಿಮದಲ್ಲಿ, ಆಗಲೇ ಗೆಳೆಯರ ಗುಂಪು ಕಟ್ಟಿಕೊಂಡಿರುವ ಕ್ಲಾಸಿಗೆ ಒಂಟಿಯಾಗಿ ಕಾಲಿಡುವುದು ಮಗುವಿಗೆ ಸುಲಭವಲ್ಲ. ಸೆಪ್ಟೆಂಬರ್ ಮೊದಲ ದಿನ ಎಲ್ಲರೂ ಹೊಸಬರೇ. ಜುಲೈನಲ್ಲಿ ಬಂದರೆ ಪಾರ್ಕು, ಲೈಬ್ರರಿ ಸುತ್ತಾಡಿ ಇಲ್ಲಿನ ಇಂಗ್ಲಿಷ್ ಕಿವಿಗೆ ಬಿದ್ದಿರುತ್ತದೆ.

ಯಾವ ಕ್ಲಾಸು ಅನ್ನುವುದರಲ್ಲೂ ಗೊಂದಲವಾಗುತ್ತದೆ. ನಮ್ಮಲ್ಲಿ ಜೂನ್ ಒಂದನೇ ತಾರೀಖಿನ ಲೆಕ್ಕ. ಒಂಟಾರಿಯೊದಲ್ಲಿ ಹುಟ್ಟಿದ ವರ್ಷದ ಲೆಕ್ಕ. ಆರು ತುಂಬುವ ವರ್ಷದ ಸೆಪ್ಟೆಂಬರಿಗೆ ಗ್ರೇಡ್ ಒಂದು. 2020ರ ನವೆಂಬರಿನಲ್ಲಿ ಹುಟ್ಟಿದ ಮಗು 2026ರ ಸೆಪ್ಟೆಂಬರಿನಲ್ಲಿ ಗ್ರೇಡ್ ಒಂದಕ್ಕೆ ಹೋಗುತ್ತದೆ. ಊರಲ್ಲಾದರೆ ಅದಿನ್ನೂ ಯುಕೆಜಿ. "ನಮ್ಮ ಮಗು ಒಂದು ಕ್ಲಾಸ್ ಹಾರಿಬಿಡ್ತು" ಅಂತ ಖುಷಿಪಡುವವರೂ ಇದ್ದಾರೆ, ಹೆದರುವವರೂ ಇದ್ದಾರೆ. ಎರಡೂ ಬೇಡ. ಕ್ಲಾಸಿನಲ್ಲಿರುವ ಎಲ್ಲರೂ ಅದೇ ವರ್ಷ ಹುಟ್ಟಿದವರು.

ಲಸಿಕೆಯ ಕಾಗದ ಮರೆಯಬೇಡಿ. ಇಲ್ಲಿನ ಶಾಲೆ ಕೇಳುವ ಲಸಿಕೆಗಳಲ್ಲಿ ಮಂಗನಬಾವು, ಮೆನಿಂಗೋಕಾಕಲ್ ಇವೆ, 2010 ಅಥವಾ ಆಮೇಲೆ ಹುಟ್ಟಿದವರಿಗೆ ಚಿಕನ್‌ಪಾಕ್ಸ್ ಕೂಡ ಇದೆ. ಇವು ನಮ್ಮ ಸರ್ಕಾರಿ ಲಸಿಕಾ ಪಟ್ಟಿಯಲ್ಲಿಲ್ಲ, ಖಾಸಗಿ ಡಾಕ್ಟರ ಹತ್ತಿರ ಹಾಕಿಸಿರಬೇಕು. ಹಾಕಿಸಿದ್ದರೆ ಡಾಕ್ಟರ ಆ ಗೀಚು ಅಕ್ಷರದ ಪುಸ್ತಕ ಸಾಲದು. ತಾರೀಖು ಸಮೇತ ಟೈಪ್ ಮಾಡಿಸಿ, ಸೀಲ್ ಹಾಕಿಸಿಕೊಂಡು ಬನ್ನಿ.

ಮತ್ತೆ ಊಟದ ಡಬ್ಬಿ. ಇಲ್ಲಿ ಎಷ್ಟೋ ಶಾಲೆಗಳಿಗೆ ಕಡಲೆಕಾಯಿ ತರುವ ಹಾಗಿಲ್ಲ. ಕೆಲವು ಮಕ್ಕಳಿಗೆ ಅದರ ಅಲರ್ಜಿ ಜೀವಕ್ಕೇ ಅಪಾಯ ತರುವಷ್ಟಿರುತ್ತದೆ. ಅಂದರೆ ಕಡಲೆಕಾಯಿ ಬೀಜ ಹಾಕಿದ ಚಿತ್ರಾನ್ನ ಇಲ್ಲ, ಪುಳಿಯೋಗರೆ ಇಲ್ಲ, ಶೇಂಗಾ ಚಟ್ನಿಪುಡಿ ಹಚ್ಚಿದ ರೊಟ್ಟಿ ಇಲ್ಲ. ಬರೀ ಒಗ್ಗರಣೆ ಅವಲಕ್ಕಿ ಮಾಡಿದರೂ ಕೈ ತಾನಾಗೇ ಬೀಜದ ಡಬ್ಬಕ್ಕೆ ಹೋಗುತ್ತದೆ, ಅಲ್ವಾ? ಮೊದಲ ವಾರಗಳಲ್ಲಿ ಎಚ್ಚರ. ಡಬ್ಬಿ ಬಿಸಿ ಮಾಡಿಕೊಡುವವರೂ ಸಾಮಾನ್ಯವಾಗಿ ಇರುವುದಿಲ್ಲ. ಅಗಲ ಬಾಯಿಯ ಒಳ್ಳೆಯ ಥರ್ಮಾಸ್ ಒಂದು ತೆಗೆದುಕೊಳ್ಳಿ. ಬೆಳಗ್ಗೆ ಅದಕ್ಕೆ ಕುದಿಯುವ ನೀರು ಹಾಕಿ ಹತ್ತು ನಿಮಿಷ ಇಟ್ಟು, ಚೆಲ್ಲಿ, ಆಮೇಲೆ ಅನ್ನ ತುಂಬಿದರೆ ಮಧ್ಯಾಹ್ನದವರೆಗೆ ಬೆಚ್ಚಗಿರುತ್ತದೆ.

ಚಳಿ ಬರುವ ಮುಂಚೆ ಮಗುವಿಗೆ ಇನ್ನೊಂದು ಅಭ್ಯಾಸ ಮಾಡಿಸಬೇಕು. ಮೈನಸ್ ಹತ್ತರಲ್ಲೂ ಮಕ್ಕಳನ್ನು ಆಟಕ್ಕೆ ಹೊರಗೆ ಬಿಡುತ್ತಾರೆ. ಸ್ನೋ ಪ್ಯಾಂಟ್, ಆಮೇಲೆ ಬೂಟು, ಆಮೇಲೆ ಜಾಕೆಟ್, ಟೋಪಿ, ಕೊನೆಗೆ ಕೈಗವಸು. ಈ ಕ್ರಮ ತಪ್ಪಿದರೆ ಕೆಟ್ಟಿತು. ಕೈಗವಸು ಮೊದಲು ಹಾಕಿಕೊಂಡ ಮಗು ಜಿಪ್ ಹಿಡಿಯಲಾಗದೆ ನಿಂತಿರುತ್ತದೆ, ಟೀಚರ್ ಒಬ್ಬರೇ ಎಷ್ಟು ಜನಕ್ಕೆ ಹಾಕಿಯಾರು? ಅಕ್ಟೋಬರಿನಲ್ಲೇ ಮನೆಯಲ್ಲಿ ಆಟದ ಥರ ಕಲಿಸಿ. ಜಾಕೆಟನ್ನು ಬೆಂಗಳೂರಿನಲ್ಲಿ ಕೊಳ್ಳಬೇಡಿ, ಇಲ್ಲಿಯ ಚಳಿಗೆ ಇಲ್ಲಿಯದೇ ಬೇಕು.

ಮನೆ ಹುಡುಕುವುದಕ್ಕೂ ಇಬ್ಬರಿದ್ದರೆ ವಾಸಿ. ಮಾಲೀಕರು ಕೇಳುವುದು ಕೆಲಸದ ಪತ್ರ ಮತ್ತು ಕ್ರೆಡಿಟ್ ರಿಪೋರ್ಟ್. ನಿಮ್ಮ ಹತ್ತಿರ ಎರಡೂ ಇಲ್ಲ. ಬ್ಯಾಂಕಿನಲ್ಲಿರುವ ದುಡ್ಡು, ಪಿಆರ್ ಕಾಗದ ತೋರಿಸಿ ಒಪ್ಪಿಸಬೇಕು. ಕೆಲವರು ಒಪ್ಪುತ್ತಾರೆ, ಕೆಲವರು ತಿರುಗಿ ಫೋನೇ ಮಾಡುವುದಿಲ್ಲ. ಕಾನೂನಿನ ಪ್ರಕಾರ ಒಂಟಾರಿಯೊದಲ್ಲಿ ಠೇವಣಿಯಾಗಿ ಕೇಳಬಹುದಾದದ್ದು ಕೊನೆಯ ಒಂದು ತಿಂಗಳ ಬಾಡಿಗೆ ಮಾತ್ರ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದ ಬೆಂಗಳೂರಿನವರು ಇದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಊರಲ್ಲಿ ಕೂತು ಫೋಟೋ ನೋಡಿ ಮಾತ್ರ ದುಡ್ಡು ಕಳಿಸಬೇಡಿ, ಮೋಸ ಜಾಸ್ತಿ. ಮೊದಲ ಕೆಲವು ವಾರಕ್ಕೆ ತಾತ್ಕಾಲಿಕ ಮನೆ ಹಿಡಿದು, ಶಾಲೆ ಯಾವುದು ಅಂತ ನೋಡಿ, ಅದರ ಎಲ್ಲೆಯೊಳಗೆ ಹುಡುಕಿ. ಒಗ್ಗರಣೆ ಸಿಡಿದ ಕೂಡಲೇ ಕಿರುಚುವ ಸ್ಮೋಕ್ ಅಲಾರಂ ಒಲೆಗೆ ಎಷ್ಟು ಹತ್ತಿರ ಇದೆ ಅನ್ನುವುದನ್ನು ದಿನಾ ಅಡುಗೆ ಮಾಡುವವರು ಬಂದು ನೋಡಲಿ.

ಆಸ್ಪತ್ರೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸರ್ಕಾರಿ ಆರೋಗ್ಯ ವಿಮೆಗೆ ಹೊಸಬರು ಮೂರು ತಿಂಗಳು ಕಾಯಬೇಕಿತ್ತು, ಒಂಟಾರಿಯೊ 2020ರ ಮಾರ್ಚಿನಲ್ಲಿ ಅದನ್ನು ತೆಗೆದುಹಾಕಿತು. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳು ಮುಗಿದು ಇನ್ನೂ ಎರಡು ತಿಂಗಳು ಕಾಯಬೇಕು, ಅಲ್ಲಿಗೆ ಹೋಗುವವರು ಖಾಸಗಿ ವಿಮೆ ಮಾಡಿಸಿಕೊಳ್ಳಿ. ಫ್ಯಾಮಿಲಿ ಡಾಕ್ಟರ್ ಸಿಗುವುದು ಎಲ್ಲಾ ಕಡೆಯೂ ಕಷ್ಟ. ಅಲ್ಲಿಯವರೆಗೆ ವಾಕ್-ಇನ್ ಕ್ಲಿನಿಕ್ಕೇ ಗತಿ.

"ಇಬ್ಬರೂ ಕೆಲಸ ಹುಡುಕಿದ್ರೆ ಮಗೂನ ಯಾರು ನೋಡ್ಕೊಳ್ತಾರೆ?" ಇದು ನ್ಯಾಯವಾದ ಪ್ರಶ್ನೆ. ಆರು ವರ್ಷದೊಳಗಿನ ಮಕ್ಕಳಿಗೆ ಸರ್ಕಾರದ ಯೋಜನೆಗೆ ಸೇರಿದ ಡೇಕೇರ್‌ಗಳಲ್ಲಿ 2025ರ ಜನವರಿಯಿಂದ ಒಂಟಾರಿಯೊದಲ್ಲಿ ದಿನಕ್ಕೆ ಗರಿಷ್ಠ 22 ಡಾಲರ್. ಆದರೆ ಜಾಗ ಸಿಗುವುದಿಲ್ಲ. ಕಾಯುವ ಪಟ್ಟಿ ಉದ್ದ, ಹಾಗಾಗಿ ಹೊರಡುವ ಮುಂಚೆಯೇ ಹೆಸರು ಬರೆಸಲು ಆಗುತ್ತದಾ ಕೇಳಿ. ಸಿಗುವವರೆಗೆ ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಬೇಕು. ಅದು ಯಾವಾಗಲೂ ಅವಳೇ ಯಾಕಾಗಬೇಕು ಅನ್ನುವುದನ್ನು ಪ್ಲೇನ್ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಯಾರಿಗೆ ಮೊದಲು ಕೆಲಸ ಸಿಗುತ್ತದೋ ಅವರು ಹೊರಗೆ ಅಂತ ತೀರ್ಮಾನಿಸಿಕೊಂಡು ಬಂದ ಜೋಡಿಗಳನ್ನು ನೋಡಿದ್ದೇನೆ, ಅವರ ಮನೆಯಲ್ಲಿ ರಗಳೆ ಕಡಿಮೆ.

ಒಬ್ಬರೇ ಮೊದಲು ಬರಲೇಬೇಕಾದ ಸಂದರ್ಭಗಳೂ ಇವೆ. ಮಗಳು ಎಸ್‌ಎಸ್‌ಎಲ್‌ಸಿಯಲ್ಲೋ ಸೆಕೆಂಡ್ ಪಿಯುಸಿಯಲ್ಲೋ ಇದ್ದರೆ, ಅಪ್ಪ ಅಮ್ಮನ ಆಪರೇಷನ್ ಇದ್ದರೆ, ಕೈಯಲ್ಲಿ ಆರು ತಿಂಗಳು ನಾಲ್ಕು ಹೊಟ್ಟೆ ತುಂಬಿಸುವಷ್ಟು ದುಡ್ಡಿಲ್ಲದಿದ್ದರೆ, ನಾನು ಒಟ್ಟಿಗೆ ಬನ್ನಿ ಅನ್ನುವುದಿಲ್ಲ. ಪಿಆರ್ ಇಲ್ಲದೆ ವರ್ಕ್ ಪರ್ಮಿಟ್ ಮೇಲೆ ಬರುವವರ ಲೆಕ್ಕವೂ ಬೇರೆ. 2025ರ ಜನವರಿಯಿಂದ ಗಂಡ ಅಥವಾ ಹೆಂಡತಿಗೆ ಓಪನ್ ವರ್ಕ್ ಪರ್ಮಿಟ್ (ಯಾರ ಹತ್ತಿರ ಬೇಕಾದರೂ ಕೆಲಸ ಮಾಡುವ ಅನುಮತಿ) ಕೊಡುವ ನಿಯಮ ಬಿಗಿಯಾಗಿದೆ, ಎಲ್ಲಾ ಹುದ್ದೆಯವರ ಸಂಗಾತಿಗೂ ಸಿಗುವುದಿಲ್ಲ. ಅವರಿಗೆ ಮಕ್ಕಳ ಬೆನಿಫಿಟ್ ಕೂಡ ಇಲ್ಲಿ 18 ತಿಂಗಳು ಇದ್ದ ಮೇಲೆಯೇ.

ಪಿಆರ್ ಇದ್ದು ಬೇರೆ ಬೇರೆ ಬರುವವರು ಇಷ್ಟು ನೋಡಿಕೊಳ್ಳಿ. ಅರ್ಜಿಯಲ್ಲಿ ಮುಖ್ಯ ಅರ್ಜಿದಾರರು ಯಾರೋ ಅವರು ಮೊದಲು ಅಥವಾ ಜೊತೆಯಲ್ಲಿ ಇಳಿಯಬೇಕು, ಅವರಿಗಿಂತ ಮುಂಚೆ ಮಿಕ್ಕವರು ಪಿಆರ್ ಆಗಿ ಇಳಿಯುವಂತಿಲ್ಲ. ಒಬ್ಬೊಬ್ಬರ ಕಾಗದಕ್ಕೂ ಕೊನೆಯ ತಾರೀಖು ಇದೆ. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದೇ ವರ್ಷದ್ದು, ಅದು ಬೇಗ ಮುಗಿಯುವುದಿದ್ದರೆ ಆ ಕೊನೆಯ ತಾರೀಖೂ ಬೇಗ ಬರಬಹುದು. ಐದು ವರ್ಷದಲ್ಲಿ 730 ದಿನ ಇಲ್ಲಿರಬೇಕು ಅನ್ನುವ ನಿಯಮವೂ ತಲೆಗೊಂದು. ನೀವಿದ್ದ ದಿನ ಹೆಂಡತಿಯ ಲೆಕ್ಕಕ್ಕೆ ಸೇರುವುದಿಲ್ಲ. ಎಲ್ಲರೂ ಒಮ್ಮೆ ಬಂದು ಸಾಫ್ಟ್ ಲ್ಯಾಂಡಿಂಗ್ ಮಾಡಿ ವಾಪಸ್ ಹೋಗುವ ಯೋಚನೆ ಇದ್ದರೆ, ಪಿಆರ್ ಕಾರ್ಡ್ ಕೆನಡಾದ ವಿಳಾಸಕ್ಕೆ ಮಾತ್ರ ಬರುತ್ತದೆ. ಕಾರ್ಡ್ ಇಲ್ಲದೆ ಮತ್ತೆ ವಿಮಾನ ಹತ್ತಬೇಕಾದರೆ ಬೇರೆ ಪ್ರಯಾಣ ದಾಖಲೆಗೆ ಅರ್ಜಿ ಹಾಕಿಕೊಂಡು ಕೂರಬೇಕು. ಕಾರ್ಡ್ ಕೈಗೆ ಬರುವವರೆಗೆ ಇಲ್ಲೇ ಇರಿ, ಇಲ್ಲಾ ನಂಬುವ ಯಾರದಾದರೂ ವಿಳಾಸ ಕೊಟ್ಟು ಕೊರಿಯರ್ ಮಾಡಿಸಿಕೊಳ್ಳಿ.

ಮತ್ತೆ, "ಕೆಲಸ ಸಿಕ್ಕ ಮೇಲೆ ಕರೆಸ್ಕೋತೀನಿ" ಅಂತ ಹೇಳಿ ಹೊರಡಬೇಡಿ. ಮನೆಯವರ ಟಿಕೆಟ್ಟನ್ನು ಮುಂದಿನ ಜುಲೈಗೆ ಈಗಲೇ ತೆಗೆದಿಟ್ಟು, ಮಕ್ಕಳ ಶಾಲೆಯಲ್ಲಿ ಟಿಸಿ ಯಾವಾಗ ಕೊಡುತ್ತಾರೆ ಅಂತ ಕೇಳಿಟ್ಟು ಬನ್ನಿ.